ಸಂತ ಜೋಸೆಫ್ ವಾಜರು: ಕುರಿಗಾಹಿಯ ದಣಿವು, ಮಂದೆಯ ಹೊಣೆ



ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಈ ಸಲ ಅವರ ಬದುಕಿನ ಬಗ್ಗೆ ಬರೆಯಬೇಕೆಂದು ನಾನೇ ಕೇಳಿಕೊಂಡೆ. ಅದಕ್ಕೊಂದು ಕಾರಣವಿದೆ. ನಮ್ಮ ಸ್ವಾಮಿಯವರ ಒಪ್ಪಿಗೆ ಪಡೆದೇ ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಮೇ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ತೆಲುಗು ಪೂಜೆ, ಆಮೇಲೆ ನಮ್ಮ ಕನ್ನಡ ಪೂಜೆ, ಅದು ಮುಗಿದ ಮೇಲೆ ಹಳ್ಳಿಯ ಉಪಕೇಂದ್ರದಲ್ಲಿ ಇನ್ನೊಂದು. ಹೀಗೆ ಮೂರು ಬಲಿಪೂಜೆ ಮುಗಿಸಿ ಬಿಸಿಲಲ್ಲಿ ಬೈಕಿನ ಮೇಲೆ ಬಂದ ಸ್ವಾಮಿಯವರನ್ನು ನಾನು ನೇರವಾಗಿ ಯುವಜನರ ಕ್ರಿಕೆಟ್ ಪಂದ್ಯಕ್ಕೆ ಕರೆದುಕೊಂಡು ಹೋದೆ. ಬಹುಮಾನ ಕೊಡುವ ಹೊತ್ತಿಗೆ ಅವರ ಕೈ ನಡುಗತೊಡಗಿತು, ಮೈಯೆಲ್ಲ ಬೆವರಿತು, ಹಾಗೇ ಕುಸಿದು ಕೂತರು. ಯಾರೋ ಒಬ್ಬ ತಾಯಿ ಓಡಿಹೋಗಿ ಬೆಲ್ಲದ ನೀರು ತಂದು ಕುಡಿಸಿದರು. ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ನಾನು ಬಿ.ಎಸ್ಸಿ. ಓದಿದವನು. ಊಟವಿಲ್ಲದೆ ಮಾತ್ರೆ ತೆಗೆದುಕೊಂಡರೆ ರಕ್ತದ ಸಕ್ಕರೆ ಇಳಿಯಬಹುದು ಎಂಬುದು ನನಗೆ ಗೊತ್ತು. ಆದರೂ ಊಟ ಆಯಿತೇ ಎಂದು ಒಂದು ಮಾತು ಕೇಳಿರಲಿಲ್ಲ. ತಪ್ಪು ನನ್ನದೇ.

ಆ ದಿನದಿಂದ ಜೋಸೆಫ್ ವಾಜರ ಚರಿತ್ರೆಯನ್ನು ಬೇರೆ ಕಣ್ಣಿನಿಂದ ಓದುತ್ತಿದ್ದೇನೆ. ಅವರ ಸಾಹಸಗಳನ್ನು ಎಲ್ಲರೂ ಹೇಳುತ್ತಾರೆ. ಆ ಸಾಹಸ ಮಾಡಿದ ದೇಹ ಹೇಗಿತ್ತು, ಅದಕ್ಕೆ ಅನ್ನ ಹಾಕಿದವರು ಯಾರು, ಅವರ ಮನಸ್ಸಿಗೆ ಆಸರೆಯಾದವರು ಯಾರು ಎಂದು ನೋಡಿದರೆ ಅಲ್ಲಿ ನಮಗೊಂದು ಪಾಠವಿದೆ.

ಕನ್ನಡ ಕರಾವಳಿಯಲ್ಲಿ ಮೂರು ವರ್ಷ

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಂ ಗ್ರಾಮದಲ್ಲಿ, ತಾಯಿಯ ತವರೂರಿನಲ್ಲಿ ಹುಟ್ಟಿದರು. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯ ದೆ ಮಿರಾಂಡ. ಗೋವೆಯಲ್ಲೇ ಓದಿ 1676ರಲ್ಲಿ ಯಾಜಕಾಭಿಷೇಕ ಪಡೆದರು. ಗುರುವಾದ ಮೇಲೆ ಬಡವರ ಹಾಗೆ ಬರಿಗಾಲಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದು ಅರ್ಪಿಸಿಕೊಂಡರು.

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ, ಎಂದರೆ ನಮ್ಮ ಕನ್ನಡ ಕರಾವಳಿಗೆ ಮೇಲ್ವಿಚಾರಕ ಗುರುವಾಗಿ ಕಳಿಸಿದರು. ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ. ಮಂಗಳೂರು, ಕುಂದಾಪುರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ ಎಂದು ಅವರು ಊರೂರು ಸುತ್ತಿದರು. ಬಿದ್ದುಹೋದ ದೇವಾಲಯಗಳನ್ನು ಎಬ್ಬಿಸಿದರು, ಮಕ್ಕಳಿಗೆ ಸಣ್ಣ ಶಾಲೆಗಳನ್ನು ತೆರೆದರು, ಭಕ್ತರ ಸಂಘಗಳನ್ನು ಕಟ್ಟಿದರು.

ಆದರೆ ಅಲ್ಲಿ ಅವರನ್ನು ದಣಿಸಿದ್ದು ನಡಿಗೆಯಲ್ಲ, ಜಗಳ. ಆಗ ಕೆನರಾದ ಕ್ರೈಸ್ತರು ಎರಡು ಪಂಗಡವಾಗಿದ್ದರು. ಪೋರ್ಚುಗಲ್ ದೊರೆಯ ಹಕ್ಕಿನ ಪ್ರಕಾರ ಗೋವೆಯ ಮಹಾಧರ್ಮಾಧ್ಯಕ್ಷರ ಮಾತು ನಡೆಯಬೇಕು ಎನ್ನುವವರು ಒಂದು ಕಡೆ. ರೋಮಿನಿಂದ ನೇಮಕವಾಗಿ ಬಂದ ಧರ್ಮಾಧ್ಯಕ್ಷ ಥಾಮಸ್ ದೆ ಕ್ಯಾಸ್ಟ್ರೊ ಅವರ ಮಾತು ನಡೆಯಬೇಕು ಎನ್ನುವವರು ಇನ್ನೊಂದು ಕಡೆ. ಒಬ್ಬರು ಕೊಟ್ಟ ಸಂಸ್ಕಾರ ಊರ್ಜಿತವಲ್ಲ ಎಂದು ಇನ್ನೊಬ್ಬರು ಹೇಳುವ ಪರಿಸ್ಥಿತಿ. ಮೂವತ್ತು ವರ್ಷದ ಎಳೆಯ ಗುರು ಈ ಎರಡು ಬೆಂಕಿಯ ನಡುವೆ ನಿಂತು, ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು, ಸಾಮಾನ್ಯ ಜನರಿಗೆ ಸಂಸ್ಕಾರಗಳು ತಪ್ಪದಂತೆ ನೋಡಿಕೊಳ್ಳಲು ಒದ್ದಾಡಿದರು.

ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸಾಯುತ್ತಿರುವವರಿಗೆ ಅಭ್ಯಂಗ ಕೊಡಬೇಕೆಂದು ಸುಳ್ಳು ಹೇಳಿ ಅವರನ್ನು ಆ ಗುಡ್ಡಕ್ಕೆ ಕರೆದೊಯ್ದು ಕೊಲ್ಲಲು ನೋಡಿದರು, ಆಗ ಅಲ್ಲಿ ನೀರಿನ ಒರತೆ ಚಿಮ್ಮಿತು ಎಂದು ಆ ಭಾಗದ ಜನ ನಂಬುತ್ತಾರೆ. ಇಂದು ಅಲ್ಲಿ ಅವರ ಪುಣ್ಯಕ್ಷೇತ್ರವಿದೆ, ಎಲ್ಲ ಮತದವರೂ ಹೋಗುತ್ತಾರೆ. ನನಗೆ ಆ ಕಥೆಯಲ್ಲಿ ಒರತೆಗಿಂತ ಮೊದಲ ಭಾಗವೇ ಹೆಚ್ಚು ತಟ್ಟುತ್ತದೆ. ರೋಗಿಯ ಹೆಸರು ಹೇಳಿ ಕರೆದರೆ ಈ ಗುರು ಬಂದೇ ಬರುತ್ತಾರೆ ಎಂಬುದು ಅವರ ಶತ್ರುಗಳಿಗೂ ಗೊತ್ತಿತ್ತು.

1684ರಲ್ಲಿ ಅವರು ಕೆನರಾದ ಹೊಣೆಯಿಂದ ಬಿಡುಗಡೆ ಹೊಂದಿ ಗೋವೆಗೆ ಮರಳಿದರು. ಮರುವರ್ಷ, ಹಳೇ ಗೋವೆಯಲ್ಲಿ ಒಟ್ಟಾಗಿ ಬಾಳಲು ಆರಂಭಿಸಿದ್ದ ಕೆಲವು ಸ್ಥಳೀಯ ಗುರುಗಳ ಸಣ್ಣ ಗುಂಪಿಗೆ ಸೇರಿದರು. ಒಂದೇ ಮನೆ, ಒಂದೇ ಪಂಕ್ತಿಯ ಊಟ, ಹೊತ್ತು ಹೊತ್ತಿನ ಪ್ರಾರ್ಥನೆ. ಅವರನ್ನೇ ಹಿರಿಯರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ನಿಯಮವನ್ನು ಅನುಸರಿಸಿದ ಈ ಗುಂಪು ಗೋವೆಯ ಒರಟೋರಿಯನ್ ಸಭೆಯಾಯಿತು. ಅಲೆದು, ಜಗಳ ಕಂಡು ಬಂದವರಿಗೆ ಮೊದಲು ಬೇಕಾದದ್ದು ಅಣ್ಣತಮ್ಮಂದಿರಂಥ ಒಂದು ಮನೆ. ಅದು ಸಿಕ್ಕಿದ ಮೇಲೆಯೇ ಅವರು ಬದುಕಿನ ದೊಡ್ಡ ಕೆಲಸಕ್ಕೆ ಹೊರಟರು.

ಗಂಜಿ ಕೊಟ್ಟ ತಾಯಿ

ಶ್ರೀಲಂಕೆಯ ಕರಾವಳಿಯನ್ನು ಡಚ್ಚರು ಗೆದ್ದುಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. 1658ರಲ್ಲಿ ಜಾಫ್ನಾ ಅವರ ಕೈ ಸೇರಿದ ಮೇಲೆ ಅಲ್ಲಿನ ಕ್ರೈಸ್ತರಿಗೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಸುಮಾರು ಮೂವತ್ತು ವರ್ಷ ಹಾಗೇ ಕಳೆಯಿತು. ಈ ಸುದ್ದಿ ವಾಜರ ನಿದ್ದೆ ಕೆಡಿಸಿತ್ತು. 1686ರಲ್ಲಿ ಗೋವೆ ಬಿಟ್ಟು, ದಾರಿಯುದ್ದಕ್ಕೂ ಕಷ್ಟಪಟ್ಟು, ತೂತ್ತುಕುಡಿಯಿಂದ ಕೂಲಿಯವನ ವೇಷದಲ್ಲಿ ದೋಣಿ ಹತ್ತಿ 1687ರಲ್ಲಿ ಜಾಫ್ನಾ ತಲುಪಿದರು. ಜೊತೆಗಿದ್ದದ್ದು ಜುವಾಂವ್ ಎಂಬ ಸೇವಕ ಹುಡುಗ.

ತಲುಪುವಷ್ಟರಲ್ಲಿ ವಾಜರಿಗೆ ಘೋರ ರಕ್ತಭೇದಿ ಹಿಡಿದಿತ್ತು. ಒಂದು ದಿನವೂ ಉಪದೇಶ ಮಾಡಿರಲಿಲ್ಲ, ಒಬ್ಬ ಕ್ರೈಸ್ತನನ್ನೂ ಕಂಡಿರಲಿಲ್ಲ, ಪರದೇಶದಲ್ಲಿ ನೆಲ ಹಿಡಿದು ಮಲಗಿದರು. ರೋಗ ಅಂಟೀತೆಂಬ ಹೆದರಿಕೆಗೆ ಅವರನ್ನು ಊರ ಹೊರಗೆ ಕಾಡಿನ ಅಂಚಿಗೆ ಹಾಕಲಾಯಿತು. ದಯೆಯುಳ್ಳ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಅವರ ಜೀವ ಉಳಿಸಿದಳು ಎಂದು ಅವರ ಚರಿತ್ರೆ ಹೇಳುತ್ತದೆ.

ಇಲ್ಲಿ ಒಂದು ವಿಜ್ಞಾನದ ಮಾತು. ಭೇದಿಯಲ್ಲಿ ಮನುಷ್ಯನನ್ನು ಕೊಲ್ಲುವುದು ಹೆಚ್ಚಾಗಿ ನೀರು ಮತ್ತು ಉಪ್ಪಿನ ನಷ್ಟ. ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಆ ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಉಪ್ಪನ್ನೂ ಅದರ ಹಿಂದೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಇಂದು ಆರೋಗ್ಯ ಕೇಂದ್ರದಲ್ಲಿ ಕೊಡುವ ಓ.ಆರ್.ಎಸ್. ಪೊಟ್ಟಣ ಕೆಲಸ ಮಾಡುವುದೂ ಹೀಗೆಯೇ. ಉಪ್ಪು ಹಾಕಿದ ಗಂಜಿಯೆಂದರೆ ಬಡವರ ಮನೆಯ ಓ.ಆರ್.ಎಸ್. ನಮ್ಮ ಅವ್ವಂದಿರು ಕಾಯಿಲೆ ಬಿದ್ದವರಿಗೆ ಅಂಬಲಿ, ಗಂಜಿ ಕುಡಿಸುವುದು ಸುಮ್ಮನೆ ಅಲ್ಲ.

ಆ ಹೆಂಗಸಿನ ಹೆಸರನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಆದರೆ ಅವಳು ಆ ಗಂಜಿ ಕೊಡದಿದ್ದರೆ ಶ್ರೀಲಂಕೆಗೆ ಈ ಪ್ರೇಷಿತ ಇರುತ್ತಿರಲಿಲ್ಲ. ಅವರು ಮುಂದೆ ಕೊಟ್ಟ ಒಂದೊಂದು ದೀಕ್ಷಾಸ್ನಾನದಲ್ಲಿಯೂ, ಮಾಡಿದ ಒಂದೊಂದು ಪೂಜೆಯಲ್ಲಿಯೂ ಅವಳ ಪಾಲಿದೆ.

ಒಂಟಿಯಾಗಿ ಹತ್ತು ವರ್ಷ

ಗುಣವಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು, ಭಿಕ್ಷುಕನಂತೆ ಮನೆ ಮನೆಗೆ ಹೋದರು. ಭಿಕ್ಷೆಗಿಂತ ಅವರಿಗೆ ಬೇಕಾಗಿದ್ದದ್ದು ಜಪಸರವನ್ನು ಕಂಡು ಮುಖ ಅರಳಿಸುವ ಜನ. ಹಾಗೆ ಒಬ್ಬೊಬ್ಬರಾಗಿ ಸಿಕ್ಕಿದರು. ರಾತ್ರಿ ಹೊತ್ತು ಗುಟ್ಟಾಗಿ ಪೂಜೆ, ಬೆಳಗಾಗುವ ಮೊದಲು ಬೇರೆ ಊರು. ಸಿಲ್ಲಾಲೈ ಗ್ರಾಮದ ಭಕ್ತರು ಅವರನ್ನು ಬಚ್ಚಿಟ್ಟು ಕಾಪಾಡಿದರು. ಡಚ್ಚರ ಕಾಟ ಹೆಚ್ಚಾದಾಗ ಪುತ್ತಲಂಗೆ ಹೋದರು. 1692ರಲ್ಲಿ ಬೌದ್ಧ ರಾಜನ ರಾಜಧಾನಿ ಕ್ಯಾಂಡಿಗೆ ಹೊರಟರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಅಪವಾದ ಬಂದು ಸೆರೆಯಾದರು. ಸೆರೆಯಲ್ಲಿ ಕೂತು ಸಿಂಹಳ ಭಾಷೆ ಕಲಿತರು, ಗುಡಿಸಲಿನಂಥ ಒಂದು ದೇವಾಲಯ ಕಟ್ಟಿಕೊಂಡರು. ಬರಬರುತ್ತಾ ರಾಜ ಎರಡನೆಯ ವಿಮಲಧರ್ಮಸೂರ್ಯನಿಗೆ ಇವರು ನಿರಪರಾಧಿ ಎಂದು ಮನವರಿಕೆಯಾಗಿ, ಓಡಾಡಲು ಬಿಟ್ಟನು.

1687ರಿಂದ 1697ರವರೆಗೆ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ತಮ್ಮ ಪಾಪನಿವೇದನೆ ಮಾಡಿಕೊಳ್ಳೋಣವೆಂದರೂ ಇನ್ನೊಬ್ಬ ಗುರು ಇಲ್ಲ. ಕಷ್ಟ ಹೇಳಿಕೊಳ್ಳಲು ಸಮಾನರಿಲ್ಲ. ಇದು ಬರಿಗಾಲಿನ ನಡಿಗೆಗಿಂತ ದೊಡ್ಡ ಕಷ್ಟವೆಂದು ನನಗನ್ನಿಸುತ್ತದೆ. ನಮ್ಮ ಕಡೆಯ ಹಳ್ಳಿಯ ಧರ್ಮಕೇಂದ್ರಗಳಲ್ಲಿ ಗುರುಗಳು ರಾತ್ರಿ ಒಬ್ಬರೇ ಊಟ ಮಾಡುವುದನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಜೊತೆಗಾರರು ಬಂದಾಗ

1697ರಲ್ಲಿ ಗೋವೆಯ ಸಭೆಯಿಂದ ಜೋಸೆಫ್ ಮೆನೆಜಸ್ ಮತ್ತು ಜೋಸೆಫ್ ಕಾರ್ವಾಲ್ಹೊ ಎಂಬ ಇಬ್ಬರು ಗುರುಗಳು ಬಂದರು. ಕಾರ್ವಾಲ್ಹೊ ವಾಜರ ಸೋದರಳಿಯ. ಅದೇ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಸಿಡುಬಿಗೆ ಲಸಿಕೆ ಬಂದದ್ದು 1796ರಲ್ಲಿ, ಇನ್ನೂ ಸುಮಾರು ನೂರು ವರ್ಷ ಕಳೆದ ಮೇಲೆ. ಆಗ ಇದ್ದದ್ದು ಒಂದೇ ಉಪಾಯ, ಓಡಿಹೋಗುವುದು. ಜನ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಮಾವ ಮತ್ತು ಅಳಿಯ ಅಲ್ಲೇ ನಿಂತರು. ರೋಗಿಗಳನ್ನು ಒಂದು ಕಡೆ ಸೇರಿಸಿದರು, ಗುಡಿಸಲು ಹಾಕಿದರು, ಮೈ ತೊಳೆದರು, ಅನ್ನ ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತ, ಬೌದ್ಧ ಎಂದು ಭೇದ ಮಾಡಲಿಲ್ಲ. ಆಮೇಲೆ ಅರಮನೆಯಲ್ಲಿ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಅಷ್ಟು ದೊಡ್ಡ ಸೇವೆ ಅವರು ಮಾಡಿದ್ದು ಒಬ್ಬರೇ ಇದ್ದಾಗ ಅಲ್ಲ, ಇಬ್ಬರಾದಾಗ. ಇದನ್ನು ನಾವು ಗಮನಿಸಬೇಕು. ಮುಂದೆ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳು ಎರಡರಲ್ಲೂ ಗ್ರಂಥಗಳನ್ನು ರಚಿಸಿ ಹೆಸರಾದರು. ವಾಜರು ದ್ವೀಪವನ್ನು ಎಂಟು ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಗುರುವನ್ನು ನೇಮಿಸಿದರು. ಎಲ್ಲವೂ ನನ್ನಿಂದಲೇ ಆಗಬೇಕು ಎಂದು ಹಿಡಿದುಕೊಳ್ಳಲಿಲ್ಲ. ಬೈಬಲಿನಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ನ್ಯಾಯ ತೀರಿಸುವುದನ್ನು ಕಂಡ ಅವರ ಮಾವ, ಹೊರೆಯನ್ನು ಹಂಚಿಕೊಳ್ಳಲು ಹೇಳಿದ ಪ್ರಸಂಗ ವಿಮೋಚನಾಕಾಂಡದಲ್ಲಿದೆ. ವಾಜರು ಮಾಡಿದ್ದು ಅದನ್ನೇ. ಧರ್ಮಾಧ್ಯಕ್ಷರಾಗುವ ಮಾತು ಬಂದಾಗ ಮಾತ್ರ ಬೇಡವೆಂದರು.

ಕೊನೆಯ ದಿನಗಳು

1710ರ ಹೊತ್ತಿಗೆ ಅವರ ದೇಹ ಸೋತಿತ್ತು. ಆರೋಗ್ಯ ಸರಿಯಿಲ್ಲದಿದ್ದರೂ ಮತ್ತೊಮ್ಮೆ ಭಕ್ತರನ್ನು ನೋಡಲು ಹೊರಟರು. ದಾರಿಯಲ್ಲಿ ಕಾಯಿಲೆ ಬಿದ್ದು, ಬಳಲಿ ಬೆಂಡಾಗಿ ಕ್ಯಾಂಡಿಗೆ ಮರಳಿದರು. ಜ್ವರದ ಮೇಲೆ ಜ್ವರ ಬಂದು ಬಿಟ್ಟಿತು, ಶಕ್ತಿ ಮಾತ್ರ ಮರಳಲಿಲ್ಲ. ಆ ಸ್ಥಿತಿಯಲ್ಲೂ ಸಭೆಯ ನಿಯಮದಂತೆ ಎಂಟು ದಿನದ ಧ್ಯಾನಕ್ಕೆ ಕೂತರು. ಅದು ಮುಗಿಯುವ ಮೊದಲೇ, 1711ರ ಜನವರಿ 16ರಂದು, ಸಹೋದರ ಗುರುಗಳ ನಡುವೆ ಪ್ರಾಣ ಬಿಟ್ಟರು. ಆಗ ಅವರಿಗೆ 59 ವರ್ಷ. ಜಗದ್ಗುರು ಎರಡನೇ ಜಾನ್ ಪೌಲರು 1995ರಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದೂ ಘೋಷಿಸಿದರು.

ನಾವು ಏನು ಮಾಡೋಣ?

ಸಂತರು ಉಪವಾಸವಿದ್ದರು, ಬರಿಗಾಲಲ್ಲಿ ನಡೆದರು, ಹಾಗಾಗಿ ನಮ್ಮ ಸ್ವಾಮಿಯವರೂ ಸಹಿಸಿಕೊಳ್ಳಲಿ ಎಂದು ಈ ಚರಿತ್ರೆಯಿಂದ ಯಾರೂ ತಿಳಿಯಬಾರದು. ತ್ಯಾಗ ಗುರುಗಳು ಮನಸಾರೆ ಕೊಡುವ ಕಾಣಿಕೆ. ಅದನ್ನು ನಾವು ಕೇಳಿ ವಸೂಲಿ ಮಾಡುವಂತಿಲ್ಲ. ಊಟಕ್ಕೂ ಬಿಡುವಿಲ್ಲದಂತೆ ಜನ ಮುತ್ತಿಕೊಂಡಾಗ ನಮ್ಮ ಪ್ರಭು ಯೇಸುವೇ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ಕರೆದು ದಣಿವಾರಿಸಿಕೊಳ್ಳಲು ಹೇಳಿದರೆಂದು ಸಂತ ಮಾರ್ಕರ ಶುಭಸಂದೇಶದಲ್ಲಿದೆ.

ನಮ್ಮ ಮಾಧವರಂ, ಆದೋನಿ ಕಡೆಯ ಕಷ್ಟ ನಮಗೆ ಗೊತ್ತು. ಮಳೆ ಕೈಕೊಟ್ಟರೆ ಅರ್ಧ ಊರು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಇಲ್ಲವೇ ಬೆಂಗಳೂರಿಗೆ ಕೂಲಿಗೆ ಹೋಗುತ್ತದೆ. ಉಳಿದ ಮುದುಕರು, ಮಕ್ಕಳು ಎಲ್ಲದಕ್ಕೂ ಸ್ವಾಮಿಯವರ ಬಾಗಿಲಿಗೇ ಬರುತ್ತಾರೆ. ಮೇಲೆ ಎರಡು ಭಾಷೆಯ ಉಪದೇಶ ಬೇರೆ. ತೆಲುಗು ಪೂಜೆಗೆ ಒಳ್ಳೆಯ ಸಮಯ, ಕನ್ನಡ ಪೂಜೆಗೆ ಉಳಿದ ಸಮಯ ಎಂದು ನಾವು ಗೊಣಗಿದ್ದುಂಟು, ನಾನೂ ಗೊಣಗಿದ್ದೇನೆ. ನಮ್ಮ ಭಾಷೆಯಲ್ಲಿ ಪೂಜೆ ಕೇಳುವುದು ನ್ಯಾಯವೇ. ಆದರೆ ಎರಡು ಪಂಗಡದ ಜಗಳವನ್ನು ಒಬ್ಬ ಗುರುವಿನ ಎದೆಯ ಮೇಲೆ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಕೆನರಾದ ಮೂರು ವರ್ಷಗಳೇ ಸಾಕ್ಷಿ. ಸಮಯದ ಮಾತನ್ನು ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಒಪ್ಪಿದ್ದನ್ನು ಸ್ವಾಮಿಯವರಿಗೆ ತಿಳಿಸೋಣ.

ಯುವಜನರು ಇಷ್ಟು ತೀರ್ಮಾನ ಮಾಡಿದ್ದೇವೆ. ಭಾನುವಾರ ಕೊನೆಯ ಪೂಜೆಯಾದ ಮೇಲೆ ಸ್ವಾಮಿಯವರ ಊಟ ಮುಗಿಯುವವರೆಗೆ ಯಾವ ಕಾರ್ಯಕ್ರಮವನ್ನೂ ಇಡುವುದಿಲ್ಲ. ದೂರದ ಉಪಕೇಂದ್ರಗಳಿಗೆ ಸರದಿಯಂತೆ ನಾವೇ ಬೈಕ್ ಓಡಿಸುತ್ತೇವೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಜೊತೆಗೆ ಹೋಗುತ್ತೇವೆ. ವಾರದಲ್ಲಿ ಒಂದು ದಿನ ಅವರು ಬೇರೆ ಗುರುಗಳನ್ನು ಕಾಣಲು ಹೋದರೆ ಎಲ್ಲಿ ಹೋದರು ಎಂದು ಕೇಳುವುದಿಲ್ಲ. ರೋಗಿಗೆ ಅಭ್ಯಂಗ ಬೇಕೆಂದರೆ ಮಾತ್ರ ಹಗಲು ರಾತ್ರಿ ನೋಡಬೇಡಿ, ಕರೆಯಿರಿ. ಅದಕ್ಕೆ ಅವರು ಬಂದೇ ಬರುತ್ತಾರೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಹಬ್ಬದ ದಿನ ಒಂದು ಹೂವಿನ ಹಾರ ಕಡಿಮೆಯಾದರೂ ಪರವಾಗಿಲ್ಲ. ಸ್ವಾಮಿಯವರು ನಿಮ್ಮ ಬೀದಿಗೆ ಬಂದಾಗ ಊಟ ಆಯಿತೇ ಎಂದು ಕೇಳಿರಿ. ಆಗಿಲ್ಲವೆಂದರೆ ರೊಟ್ಟಿಯೋ ಗಂಜಿಯೋ ಇದ್ದದ್ದನ್ನು ಬಡಿಸಿರಿ. ಜಾಫ್ನಾದ ಆ ತಾಯಿ ಮಾಡಿದ್ದೂ ಅಷ್ಟೇ.

ಸಂತ ಜೋಸೆಫ್ ವಾಜರೇ, ನಮ್ಮ ಗುರುಗಳಿಗಾಗಿ, ನಮಗಾಗಿ ಪ್ರಾರ್ಥಿಸಿರಿ.

ಯುವಜನ ಸಂಯೋಜಕ, ಮಾಧವರಂ