ದೇವರ ಸಂತ ಯೊವಾನ್ನ: ಸೈನಿಕ, ರೋಗಿ, ಶುಶ್ರೂಷಕ

ಮಾರ್ಚ್ 8 ದೇವರ ಸಂತ ಯೊವಾನ್ನರ ಹಬ್ಬ. 1495ರಲ್ಲಿ ಪೋರ್ಚುಗಲ್‌ನಲ್ಲಿ ಹುಟ್ಟಿದ ಇವರು ಎಂಟನೇ ವಯಸ್ಸಿಗೇ ಮನೆ ಬಿಟ್ಟು, ಸ್ಪೇನಿನಲ್ಲಿ ಕುರಿ ಕಾಯ್ದು, ಮುಂದೆ ಸೈನ್ಯ ಸೇರಿದರು. ಕಾವಲಿದ್ದ ಮಾಲು ಕಳುವಾದಾಗ ಗಲ್ಲು ಶಿಕ್ಷೆಯಾಯಿತು; ಕೊನೆ ಗಳಿಗೆಯಲ್ಲಿ ಜೀವ ಉಳಿಯಿತು. 1532ರಲ್ಲಿ ತುರ್ಕರ ವಿರುದ್ಧದ ದಂಡಿಗೂ ಹೋದರು.

ಸೈನ್ಯ ಬಿಟ್ಟು ಊರಿಗೆ ಬಂದರೆ ತಂದೆತಾಯಿ ತೀರಿಹೋಗಿದ್ದರು. ಕುರುಬನಾಗಿ, ಕೂಲಿಯಾಗಿ ಅಲೆದು, ಕೊನೆಗೆ ಗ್ರಾನಡಾದಲ್ಲಿ ಪುಸ್ತಕ ಮಾರುತ್ತ ನಿಂತರು. ಅಲ್ಲಿ ಆವಿಲಾದ ಯೊವಾನ್ನರ ಪ್ರಬೋಧನೆ ಕೇಳಿ ಅವರ ಮನಸ್ಸು ಒಡೆದುಹೋಯಿತು. ಬೀದಿಯಲ್ಲಿ ಕೂದಲು ಕಿತ್ತುಕೊಂಡು ಅಳುತ್ತಿದ್ದವರನ್ನು ಜನ ಹುಚ್ಚನೆಂದು ರಾಜಾಸ್ಪತ್ರೆಗೆ ಸೇರಿಸಿದರು. ಕಟ್ಟಿಹಾಕಿ ಚಾಟಿಯಿಂದ ಹೊಡೆಯುವುದೇ ಆಗಿನ ಚಿಕಿತ್ಸೆ. ಆವಿಲಾದ ಗುರುಗಳು ಅವರ ಕೈ ಬಿಡಲಿಲ್ಲ.

ಹೊರಬಂದ ಯೊವಾನ್ನರು ಬಾಡಿಗೆ ಮನೆಯಲ್ಲಿ ರೋಗಿಗಳನ್ನಿಟ್ಟುಕೊಂಡರು. ಹಗಲು ಶುಶ್ರೂಷೆ, ರಾತ್ರಿ ಬೀದಿಯಲ್ಲಿ ಭಿಕ್ಷೆ. ತಾವು ಪೆಟ್ಟು ತಿಂದ ಅದೇ ಆಸ್ಪತ್ರೆಗೆ ಬೆಂಕಿ ಬಿದ್ದಾಗ ಒಳನುಗ್ಗಿ ರೋಗಿಗಳನ್ನು ಹೊತ್ತು ತಂದರು. 1550ರ ಮಾರ್ಚ್ 8ರಂದು ತೀರಿಕೊಂಡರು, 1690ರಲ್ಲಿ ಸಂತಪದವಿಗೇರಿದರು. ಅವರ ಸಹೋದರರ ಸಭೆ ಇಂದಿಗೂ ಮನೋರೋಗಿಗಳ ಸೇವೆಯಲ್ಲಿದೆ.

ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಗೂ ಸೈನ್ಯದಿಂದ ನಿವೃತ್ತರಾಗಿ ಮರಳಿದವರಿದ್ದಾರೆ. ಅವರಲ್ಲಿ ಯಾರಿಗಾದರೂ ನಿದ್ದೆ ಹತ್ತದಿದ್ದರೆ, ಸಿಟ್ಟು ಹೆಚ್ಚಿದರೆ, ಕುಡಿತ ಬಿಡಲಾಗದಿದ್ದರೆ ಬೈಯುವುದೂ ಚಾಟಿಯೇ. ಬದಲಿಗೆ ಹೋಗಿ ಜೊತೆಗೆ ಕೂಡೋಣ, ಡಾಕ್ಟರರ ಬಳಿ ಕರೆದೊಯ್ಯೋಣ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ದೇವರ ಸಂತ ಯೊವಾನ್ನರೇ, ನಮಗಾಗಿ ಪ್ರಾರ್ಥಿಸಿರಿ.