ಲಾರ್ಸ್ ಲೆಕ್ಸೆಲ್

ಲಾರ್ಸ್ ಲೆಕ್ಸೆಲ್ (23 ನವೆಂಬರ್ 1907 – 12 ಜನವರಿ 1986) ಸ್ವೀಡನ್ ದೇಶದ ನರಶಸ್ತ್ರಚಿಕಿತ್ಸಾ ತಜ್ಞರು ಮತ್ತು ಪ್ರಾಧ್ಯಾಪಕರು. ತಲೆಬುರುಡೆಯನ್ನು ತೆರೆಯದೆ, ಹಲವು ದಿಕ್ಕುಗಳಿಂದ ವಿಕಿರಣವನ್ನು ಒಂದೇ ಬಿಂದುವಿನಲ್ಲಿ ಕೂಡಿಸಿ ಮೆದುಳಿನೊಳಗಿನ ಗಡ್ಡೆಗೆ ಚಿಕಿತ್ಸೆ ನೀಡುವ ವಿಕಿರಣ ಶಸ್ತ್ರಚಿಕಿತ್ಸೆ ಎಂಬ ವಿಧಾನವನ್ನು ಪ್ರತಿಪಾದಿಸಿದವರು ಇವರೇ. ಈ ವಿಧಾನಕ್ಕೆಂದೇ ರೂಪುಗೊಂಡ ಗಾಮಾ ನೈಫ್ ಯಂತ್ರವು ಇವರ ಮತ್ತು ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಅವರ ಜಂಟಿ ಪರಿಶ್ರಮದ ಫಲ.

ಜನನ ಮತ್ತು ಶಿಕ್ಷಣ

ಲೆಕ್ಸೆಲ್ ಅವರು ಸ್ವೀಡನ್ನಿನ ಪಶ್ಚಿಮ ಭಾಗದಲ್ಲಿ, ಗೋಥೆನ್‌ಬರ್ಗ್ ನಗರದ ಸಮೀಪದ ಫೆಸ್‌ಬೆರಿ ಎಂಬಲ್ಲಿ ಜನಿಸಿದರು. ಸ್ಟಾಕ್‌ಹೋಮ್‌ನ ಕ್ಯಾರೊಲಿನ್‌ಸ್ಕಾ ಸಂಸ್ಥೆಯಲ್ಲಿ ವೈದ್ಯಶಿಕ್ಷಣ ಪಡೆದು, 1935ರಲ್ಲಿ ಅದೇ ನಗರದ ಸೆರಾಫಿಮರ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಓಲಿವೆಕ್ರೋನಾ ಅವರ ಶಿಷ್ಯರಾಗಿ ನರಶಸ್ತ್ರಚಿಕಿತ್ಸೆಯ ತರಬೇತಿಯನ್ನು ಆರಂಭಿಸಿದರು. ಓಲಿವೆಕ್ರೋನಾ ಅವರು ಆ ಕಾಲದ ಯುರೋಪಿನ ಅಗ್ರಗಣ್ಯ ನರಶಸ್ತ್ರವೈದ್ಯರಲ್ಲಿ ಒಬ್ಬರು. ಆಗ ಮೆದುಳಿನ ಶಸ್ತ್ರಕ್ರಿಯೆ ಎಂದರೆ ಪ್ರಾಣಕ್ಕೇ ಅಪಾಯ ತರಬಲ್ಲ ಕಾರ್ಯವಾಗಿತ್ತು. ರಕ್ತಸ್ರಾವ, ಸೋಂಕು ಮತ್ತು ಮೆದುಳಿನ ಊತದಿಂದ ಅನೇಕ ರೋಗಿಗಳು ಅಸುನೀಗುತ್ತಿದ್ದರು. ಆಳದಲ್ಲಿರುವ ಚಿಕ್ಕ ಗಡ್ಡೆಯನ್ನು ತಲುಪಲು ಆರೋಗ್ಯವಂತ ಭಾಗವನ್ನು ಸೀಳಿಕೊಂಡು ಹೋಗುವುದು ಅನಿವಾರ್ಯವಾಗಿತ್ತು. ಈ ಹಾನಿಯನ್ನು ಕಡಿಮೆ ಮಾಡುವುದೇ ಮುಂದೆ ಲೆಕ್ಸೆಲ್ ಅವರ ಜೀವಿತದ ಗುರಿಯಾಯಿತು.

ಯುದ್ಧಕಾಲ ಮತ್ತು ಆರಂಭಿಕ ಸಂಶೋಧನೆ

1939–40ರಲ್ಲಿ ಸೋವಿಯತ್ ಒಕ್ಕೂಟವು ಫಿನ್ಲೆಂಡ್ ಮೇಲೆ ದಾಳಿ ನಡೆಸಿದಾಗ ಲೆಕ್ಸೆಲ್ ಅವರು ಸ್ವಯಂಸೇವಕ ವೈದ್ಯರಾಗಿ ಫಿನ್ಲೆಂಡಿಗೆ ತೆರಳಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿದರು. ಎಲುಬನ್ನು ಚೂರುಚೂರಾಗಿ ಕತ್ತರಿಸಿ ತೆಗೆಯಲು ಅವರು ರೂಪಿಸಿದ ಎರಡು ಕೀಲುಗಳ ಇಕ್ಕುಳವು ಇಂದಿಗೂ ಅವರ ಹೆಸರಿನಲ್ಲಿಯೇ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬಳಕೆಯಲ್ಲಿದೆ.

ಅನಂತರ ಅವರು ರಾಗ್ನಾರ್ ಗ್ರಾನಿಟ್ ಅವರ ಪ್ರಯೋಗಾಲಯದಲ್ಲಿ ನರಗಳ ಕಾರ್ಯವಿಧಾನವನ್ನು ಕುರಿತು ಸಂಶೋಧನೆ ನಡೆಸಿದರು. ಬೆನ್ನುಹುರಿಯಿಂದ ಸ್ನಾಯುಗಳಿಗೆ ಹೋಗುವ ಸಣ್ಣ ನರತಂತುಗಳು ಸ್ನಾಯುವಿನ ಸಂವೇದನಾಂಗಗಳನ್ನು ನಿಯಂತ್ರಿಸುತ್ತವೆ ಎಂಬುದನ್ನು 1945ರಲ್ಲಿ ಪ್ರಕಟವಾದ ಅವರ ಮಹಾಪ್ರಬಂಧವು ತೋರಿಸಿಕೊಟ್ಟಿತು. ಈ ತಂತುಗಳನ್ನು ಗಾಮಾ ಚಾಲಕ ನರಗಳೆಂದು ಕರೆಯಲಾಗುತ್ತದೆ. ವೈದ್ಯರಾಗಿ ಅವರು ಗಳಿಸಿದ ಖ್ಯಾತಿಯ ಮುಂದೆ ಈ ಸಾಧನೆ ಮರೆಯಾದರೂ, ಶರೀರಶಾಸ್ತ್ರದಲ್ಲಿ ಇದು ಮಹತ್ತ್ವದ ಶೋಧವೆನಿಸಿದೆ.

ಸ್ಥಾನನಿರ್ದೇಶಕ ಚೌಕಟ್ಟು

1946ರಲ್ಲಿ ಲೆಕ್ಸೆಲ್ ಅವರು ಲುಂಡ್ ನಗರದಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ಮರುವರ್ಷ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ ಅರ್ನೆಸ್ಟ್ ಸ್ಪೀಗೆಲ್ ಮತ್ತು ಹೆನ್ರಿ ವೈಸಿಸ್ ಅವರನ್ನು ಭೇಟಿಯಾದರು. ಮೆದುಳಿನ ಯಾವುದೇ ಬಿಂದುವನ್ನು ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆಗಳಿಂದ ಗುರುತಿಸಿ ಅಲ್ಲಿಗೆ ಸೂಜಿಯನ್ನು ತಲುಪಿಸುವ ಸಾಧನವನ್ನು ಮನುಷ್ಯರಿಗೆ ಮೊದಲು ಅಳವಡಿಸಿದವರು ಈ ಇಬ್ಬರು.

ಲೆಕ್ಸೆಲ್ ಅವರು ತಮ್ಮದೇ ಆದ ಚೌಕಟ್ಟನ್ನು ನಿರ್ಮಿಸಿ 1949ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅದರಲ್ಲಿ ಅರ್ಧವೃತ್ತಾಕಾರದ ಕಮಾನೊಂದಿದ್ದು, ತಲುಪಬೇಕಾದ ಬಿಂದುವು ಸದಾ ಆ ಕಮಾನಿನ ಕೇಂದ್ರದಲ್ಲಿರುತ್ತದೆ. ಬಂಡಿಯ ಚಕ್ರದ ಅರಗಳೆಲ್ಲ ನಡುವಿನ ಅಚ್ಚಿನ ಕಡೆಗೆ ಮುಖ ಮಾಡಿರುವಂತೆ, ಕಮಾನಿನ ಯಾವ ಭಾಗದಿಂದ ಸೂಜಿಯನ್ನು ಇಳಿಸಿದರೂ ಅದು ಅದೇ ಬಿಂದುವನ್ನು ಸೇರುತ್ತದೆ. ಇದರಿಂದ ಮುಖ್ಯ ರಕ್ತನಾಳಗಳನ್ನು ತಪ್ಪಿಸಿ ಅನುಕೂಲವಾದ ದಾರಿಯನ್ನು ಆಯ್ದುಕೊಳ್ಳಲು ಸಾಧ್ಯವಾಯಿತು. ದ್ರವ ತುಂಬಿದ ಮೆದುಳಿನ ಗಡ್ಡೆಯೊಳಕ್ಕೆ ವಿಕಿರಣಶೀಲ ವಸ್ತುವನ್ನು ಸೇರಿಸಿದ ಚಿಕಿತ್ಸೆಯ ವರದಿಯನ್ನು ಅವರು 1952ರಲ್ಲಿ ಪ್ರಕಟಿಸಿದರು. ತಲೆಗೆ ಪೆಟ್ಟಾದವರಲ್ಲಿ ಮೆದುಳಿನ ಮಧ್ಯರೇಖೆ ಸರಿದಿದೆಯೇ ಎಂಬುದನ್ನು ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಿಂದ ಪತ್ತೆಹಚ್ಚುವ ಕ್ರಮವನ್ನು ರೂಢಿಗೆ ತಂದವರಲ್ಲಿಯೂ ಅವರು ಮೊದಲಿಗರು.

ವಿಕಿರಣ ಶಸ್ತ್ರಚಿಕಿತ್ಸೆಯ ಕಲ್ಪನೆ

ಕಮಾನಿನ ಮೂಲಕ ಸೂಜಿಯ ಬದಲು ಕಿರಣವನ್ನೇ ಏಕೆ ಕಳುಹಿಸಬಾರದು ಎಂಬ ಆಲೋಚನೆ ಲೆಕ್ಸೆಲ್ ಅವರಲ್ಲಿ ಮೂಡಿತು. 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಈ ವಿಧಾನಕ್ಕೆ ವಿಕಿರಣ ಶಸ್ತ್ರಚಿಕಿತ್ಸೆ ಎಂಬ ಹೆಸರನ್ನಿತ್ತರು. ಇದರ ತತ್ತ್ವ ಸರಳವಾದುದು. ಪ್ರತಿಯೊಂದು ಕಿರಣವೂ ದುರ್ಬಲವಾಗಿರುವುದರಿಂದ ಅದು ಹಾದುಹೋಗುವ ದಾರಿಯಲ್ಲಿ ಅಲ್ಪ ಪ್ರಮಾಣದ ವಿಕಿರಣ ಮಾತ್ರ ಬೀಳುತ್ತದೆ. ಕಿರಣಗಳೆಲ್ಲ ಕೂಡುವ ಬಿಂದುವಿನಲ್ಲಿ ಮಾತ್ರ ಅದು ಜೀವಕೋಶಗಳನ್ನು ನಾಶಮಾಡುವಷ್ಟು ಪ್ರಬಲವಾಗುತ್ತದೆ.

ಮೊದಲು ಕ್ಷ-ಕಿರಣದ ನಳಿಕೆಯನ್ನು ಚೌಕಟ್ಟಿಗೆ ಜೋಡಿಸಿ, ಮುಖದ ತೀವ್ರ ನರಶೂಲೆಯಿಂದ ಬಳಲುತ್ತಿದ್ದವರಿಗೆ ಚಿಕಿತ್ಸೆ ನೀಡಲಾಯಿತು. ಆದರೆ ಆ ಕಿರಣಗಳಿಗೆ ಆಳಕ್ಕೆ ಇಳಿಯುವ ಸಾಮರ್ಥ್ಯ ಸಾಲದಾಯಿತು. ಆದ್ದರಿಂದ ಅವರು ಉಪ್ಸಾಲಾ ನಗರದಲ್ಲಿ ಬೋರ್ಯೆ ಲಾರ್ಸನ್ ಅವರೊಡನೆ ಪ್ರೋಟಾನ್ ಕಿರಣಗಳ ಪ್ರಯೋಗದಲ್ಲಿ ತೊಡಗಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳ ಫಲಿತಾಂಶವು 1958ರಲ್ಲಿ ಪ್ರಕಟವಾಯಿತು. ಪ್ರೋಟಾನ್ ಕಿರಣ ನಿಖರವಾಗಿದ್ದರೂ ಅದನ್ನು ಉತ್ಪಾದಿಸುವ ಸೈಕ್ಲೋಟ್ರಾನ್ ಯಂತ್ರವು ಬೃಹದಾಕಾರದ್ದಾಗಿದ್ದು, ಸಾಮಾನ್ಯ ಆಸ್ಪತ್ರೆಯಲ್ಲಿ ಅದನ್ನು ಸ್ಥಾಪಿಸುವುದು ಅಸಾಧ್ಯವಾಗಿತ್ತು.

ಗಾಮಾ ನೈಫ್

1960ರಲ್ಲಿ ಲೆಕ್ಸೆಲ್ ಅವರು ಗುರು ಓಲಿವೆಕ್ರೋನಾ ಅವರ ಉತ್ತರಾಧಿಕಾರಿಯಾಗಿ ಕ್ಯಾರೊಲಿನ್‌ಸ್ಕಾದಲ್ಲಿ ಪ್ರಾಧ್ಯಾಪಕರಾದರು. ಪ್ರೋಟಾನ್‌ಗೆ ಬದಲಾಗಿ ಕೋಬಾಲ್ಟ್-60 ಎಂಬ ವಿಕಿರಣಶೀಲ ಧಾತುವಿನಿಂದ ಹೊರಡುವ ಗಾಮಾ ಕಿರಣಗಳನ್ನು ಬಳಸಲು ಅವರೂ ಲಾರ್ಸನ್ ಅವರೂ ನಿರ್ಧರಿಸಿದರು. 179 ಕೋಬಾಲ್ಟ್ ಮೂಲಗಳನ್ನು ಹೊಂದಿದ್ದ ಮೊದಲ ಯಂತ್ರವು 1968ರ ವೇಳೆಗೆ ಸ್ಟಾಕ್‌ಹೋಮ್‌ನ ಸೋಫಿಯಾಹೆಮ್ಮೆಟ್ ಆಸ್ಪತ್ರೆಯಲ್ಲಿ ಕಾರ್ಯಾರಂಭ ಮಾಡಿತು. ಹೆಸರಿನಲ್ಲಿ ಚಾಕು ಎಂಬ ಅರ್ಥದ ಪದವಿದ್ದರೂ ಇದರಲ್ಲಿ ಯಾವ ಅಲಗೂ ಇಲ್ಲ. ಚರ್ಮದ ಮೇಲೆ ಗಾಯವಾಗುವುದು ಚೌಕಟ್ಟನ್ನು ತಲೆಗೆ ಬಿಗಿಯುವ ತಿರುಪುಗಳಿಂದ ಮಾತ್ರ.

ನೋವು ಮತ್ತು ಚಲನೆಯ ದೋಷಗಳ ನಿವಾರಣೆಗೆಂದು ಮೊದಲ ಯಂತ್ರವನ್ನು ಉದ್ದೇಶಿಸಲಾಗಿತ್ತು. ಕ್ರಮೇಣ ಗಡ್ಡೆಗಳು ಮತ್ತು ರಕ್ತನಾಳಗಳ ಅಸಹಜ ಗಂಟುಗಳ ಚಿಕಿತ್ಸೆಗೆ ಇದು ಹೆಚ್ಚು ಉಪಯುಕ್ತವೆಂದು ಕಂಡುಬಂದಿತು. 1970ರಲ್ಲಿ ಲಾಡಿಸ್ಲಾವ್ ಸ್ಟೈನರ್ ಅವರು ರಕ್ತನಾಳದ ಗಂಟಿಗೆ ಇದೇ ವಿಧಾನದಿಂದ ಚಿಕಿತ್ಸೆ ನೀಡಿದರು. 1970ರ ದಶಕದ ಮಧ್ಯದಲ್ಲಿ ಬಂದ ಎರಡನೆಯ ಯಂತ್ರವನ್ನು ಇಂತಹ ಗುರಿಗಳಿಗೆ ತಕ್ಕಂತೆ ಮಾರ್ಪಡಿಸಲಾಯಿತು. ಅನಂತರದ ಅನೇಕ ಮಾದರಿಗಳಲ್ಲಿ 201 ಮೂಲಗಳಿದ್ದವು. ಕೋಬಾಲ್ಟ್-60ರ ಅರ್ಧಾಯು ಸುಮಾರು 5.27 ವರ್ಷಗಳಾಗಿರುವುದರಿಂದ ಅದರ ಬಲ ಕುಂದಿದಂತೆ ಚಿಕಿತ್ಸೆಯ ಅವಧಿ ದೀರ್ಘವಾಗುತ್ತದೆ. ಹೀಗಾಗಿ ಕೆಲವು ವರ್ಷಗಳಿಗೊಮ್ಮೆ ಮೂಲಗಳನ್ನು ಬದಲಾಯಿಸಬೇಕಾಗುತ್ತದೆ.

ಉಗ್ರಸ್ವರೂಪದ ಗಡ್ಡೆಗಳು ಮತ್ತು ವಿಧಾನದ ಮಿತಿ

ಸ್ಪಷ್ಟವಾದ ಅಂಚುಳ್ಳ, ಸಾಮಾನ್ಯವಾಗಿ ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಗಡ್ಡೆಗಳಿಗೆ ಈ ವಿಧಾನ ಹೆಚ್ಚು ಸೂಕ್ತ. ಶ್ವಾಸಕೋಶ, ಸ್ತನ ಮುಂತಾದ ಅಂಗಗಳ ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಉಂಟಾಗುವ ಗಡ್ಡೆಗಳಿಗೆ, ಶ್ರವಣನರದ ಗಡ್ಡೆಗೆ ಮತ್ತು ಮೆದುಳ್ಪೊರೆಯ ಗಡ್ಡೆಗೆ ಇದು ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ.

ಮೆದುಳಿನಲ್ಲಿಯೇ ಹುಟ್ಟುವ ಗ್ಲಯೊಬ್ಲಾಸ್ಟೊಮಾ ಎಂಬ ಉಗ್ರ ಕ್ಯಾನ್ಸರಿನ ಸ್ವರೂಪವೇ ಬೇರೆ. ಅದರ ಜೀವಕೋಶಗಳು ಮರದ ಬೇರಿನಂತೆ ಸುತ್ತಲಿನ ಆರೋಗ್ಯವಂತ ಭಾಗದೊಳಕ್ಕೆ ಹರಡಿರುತ್ತವೆ. ಚಿತ್ರದಲ್ಲಿ ಕಾಣುವ ಅಂಚು ರೋಗದ ನಿಜವಾದ ಅಂಚಲ್ಲ. ಆದ್ದರಿಂದ ಒಂದು ಬಿಂದುವಿಗೆ ಗುರಿಯಿಟ್ಟ ಕಿರಣದಿಂದ ಮಾತ್ರ ಅದನ್ನು ನಿರ್ಮೂಲಗೊಳಿಸಲಾಗದು. ಎಂದಿನ ಚಿಕಿತ್ಸೆಗೆ ಮುನ್ನ ವಿಕಿರಣ ಶಸ್ತ್ರಚಿಕಿತ್ಸೆಯನ್ನೂ ನೀಡಿ ನೋಡಿದ ಪರೀಕ್ಷೆಯೊಂದರ ಫಲಿತಾಂಶವು 2004ರಲ್ಲಿ ಪ್ರಕಟವಾಗಿದ್ದು, ಅದರಿಂದ ರೋಗಿಗಳ ಆಯುಷ್ಯ ಹೆಚ್ಚಲಿಲ್ಲವೆಂದು ತಿಳಿದುಬಂದಿತು. ಈ ರೋಗಕ್ಕೆ ಶಸ್ತ್ರಕ್ರಿಯೆಯ ಬಳಿಕ ಸುಮಾರು ಆರು ವಾರಗಳ ಕಾಲ ದಿನದಿನವೂ ಸ್ವಲ್ಪಸ್ವಲ್ಪವಾಗಿ ವಿಕಿರಣವನ್ನು, ಜೊತೆಗೆ ಟೆಮೊಜೊಲೊಮೈಡ್ ಔಷಧವನ್ನು ನೀಡುವುದು ರೂಢಿಯಲ್ಲಿದೆ. ರೋಗ ಮರುಕಳಿಸಿದಾಗ ಆಯ್ದ ಕೆಲವರಿಗೆ ಮಾತ್ರ ವಿಕಿರಣ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ.

ಕೊನೆಯ ದಿನಗಳು ಮತ್ತು ಪ್ರಭಾವ

ತಮ್ಮ ಉಪಕರಣಗಳ ತಯಾರಿಕೆಗಾಗಿ 1972ರಲ್ಲಿ ಲೆಕ್ಸೆಲ್ ಅವರು ಎಲೆಕ್ಟಾ ಸಂಸ್ಥೆಯನ್ನು ಸ್ಥಾಪಿಸಿದರು. ಮಗ ಲಾರೆಂಟ್ ಲೆಕ್ಸೆಲ್ ಅದನ್ನು ಬೆಳೆಸಿದರು. 1974ರಲ್ಲಿ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದ ಮೇಲೂ ಅವರ ಸಂಶೋಧನೆ ನಿಲ್ಲಲಿಲ್ಲ. ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಣಗಳು ಬಳಕೆಗೆ ಬಂದಾಗ ತಮ್ಮ ಹಳೆಯ ಚೌಕಟ್ಟನ್ನು ಅವುಗಳಿಗೆ ಹೊಂದಿಸಿದರು. ಎಂ.ಆರ್.ಐ. ಕುರಿತ ಅವರ ಲೇಖನ ಪ್ರಕಟವಾದದ್ದು 1985ರಲ್ಲಿ. ಅದೇ ವರ್ಷ ಅವರ ಬಳಿ ಅಧ್ಯಯನಕ್ಕೆ ಬಂದಿದ್ದ ಅಮೆರಿಕದ ಜಾನ್ ಆಡ್ಲರ್ ಅವರು ಮುಂದೆ, ತಲೆಗೆ ಚೌಕಟ್ಟು ಬಿಗಿಯುವ ಅಗತ್ಯವಿಲ್ಲದ ಸೈಬರ್‌ನೈಫ್ ಯಂತ್ರವನ್ನು ರೂಪಿಸಿದರು.

1986ರ ಜನವರಿ 12ರಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಪ್ರದೇಶದಲ್ಲಿ ನಡೆದಾಡುತ್ತಿದ್ದಾಗ ಲೆಕ್ಸೆಲ್ ಅವರು ನಿಧನ ಹೊಂದಿದರು. ಆಗ ಅವರಿಗೆ 78 ವರ್ಷ ವಯಸ್ಸಾಗಿತ್ತು. ಅವರ ಕಾಲದಲ್ಲಿ ಬೆರಳೆಣಿಕೆಯಷ್ಟಿದ್ದ ಗಾಮಾ ನೈಫ್ ಕೇಂದ್ರಗಳು ಇಂದು ಜಗತ್ತಿನ ಹಲವು ದೇಶಗಳಲ್ಲಿವೆ. ಭಾರತದಲ್ಲಿ ದೆಹಲಿಯ ಏಮ್ಸ್, ಬೆಂಗಳೂರಿನ ನಿಮ್ಹಾನ್ಸ್ ಮುಂತಾದ ಸಂಸ್ಥೆಗಳಲ್ಲಿ ಈ ಚಿಕಿತ್ಸೆ ಲಭ್ಯವಿದೆ.