ಆಲೂರು ವೆಂಕಟರಾಯರೂ ನಮ್ಮ ಇತಿಹಾಸವೂ

ನಾಗಪುರದ ಹೆಸರು, ಈವರೆಗೆ ದೊರೆತ ದಾಖಲೆಗಳಲ್ಲಿ, ಮೊದಲು ಕಾಣಿಸಿಕೊಳ್ಳುವುದು ರಾಷ್ಟ್ರಕೂಟ ಮೂರನೆಯ ಕೃಷ್ಣನ ತಾಮ್ರಪಟದಲ್ಲಿ ಎಂಬ ಸಂಗತಿಯನ್ನು ಹಿಂಗಣಾದ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ ನಾವರಿಯೆವು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ಆ ಶಾಸನ ಕ್ರಿ.ಶ. 940ರದು. ನಾಗಪುರ–ನಂದಿವರ್ಧನ ಸೀಮೆಯ ಒಂದು ಹಳ್ಳಿಯನ್ನು ದಾನವಿತ್ತ ಆ ಅರಸನ ರಾಜಧಾನಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಂಥ ಸಂಗತಿಗಳು ಪಂಡಿತರ ಪತ್ರಿಕೆಗಳಲ್ಲಿ ಹುದುಗಿದ್ದ ಕಾಲದಲ್ಲಿ ಅವನ್ನು ಜನಸಾಮಾನ್ಯರ ಮನೆಬಾಗಿಲಿಗೆ ತಂದವರು ಕನ್ನಡ ಕುಲಪುರೋಹಿತರೆಂದು ಖ್ಯಾತರಾದ ಆಲೂರು ವೆಂಕಟರಾಯರು.

ರಾಯರು 1880ನೆಯ ಇಸವಿ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕಾಯಿದೆಯ ಪದವಿ ಪಡೆದು, ಧಾರವಾಡದಲ್ಲಿ ವಕೀಲಿ ಹೂಡಿದರು. ಪುಣೆಯಲ್ಲಿ ಮರಾಠಿಗರು ತಮ್ಮ ಇತಿಹಾಸವನ್ನು ಎದೆಗಪ್ಪಿಕೊಂಡ ಬಗೆಯನ್ನು ಅವರು ಕಣ್ಣಾರೆ ಕಂಡಿದ್ದರು. ಪರರನ್ನು ಹಳಿಯದೆ ಅವರಿಂದ ಕಲಿತುದು ರಾಯರ ದೊಡ್ಡತನವೆಂದು ನಮ್ಮ ಎಣಿಕೆ. 1905ರಲ್ಲಿ ಹಂಪೆಯ ಹಾಳನ್ನು ಕಂಡ ಮೇಲೆ ಅವರ ಬಾಳಿನ ದಿಕ್ಕೇ ಬದಲಾಯಿತು. ವಕೀಲಿ ಹಿಂದೆ ಬಿದ್ದಿತು; ಇತಿಹಾಸ ಮುಂದೆ ಬಂದಿತು.

ಆಗ ಇತಿಹಾಸವನ್ನು ಬರೆಯುತ್ತಿದ್ದ ರೀತಿಯಾದರೂ ಎಂಥದು? ಹಿಂದಿನವರಿಗೆ ಸ್ಥಳಪುರಾಣ, ಬಖರು, ಕೈಫಿಯತ್ತುಗಳೇ ಇತಿಹಾಸ. ಅಲ್ಲಿ ದೇವರೂ ಅರಸರೂ ಒಂದೇ ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಬಳಿಕ ಇಂಗ್ಲಿಷ್ ಅಧಿಕಾರಿಗಳು ಬಂದು ಕಲ್ಲನ್ನೂ ತಾಮ್ರವನ್ನೂ ಸಾಕ್ಷಿಗೆ ಕರೆದರು. ಫ್ಲೀಟ್ ಸಾಹೇಬರು 1882ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳ ಕುರಿತು ಗ್ರಂಥ ಬರೆದರು. ಮೈಸೂರಿನಲ್ಲಿ ರೈಸ್ ಸಾಹೇಬರು ಸಾವಿರಾರು ಶಾಸನಗಳನ್ನು ಅಚ್ಚುಹಾಕಿಸಿದರು. ಅವರ ಋಣ ನಮ್ಮ ಮೇಲೆ ದೊಡ್ಡದು. ಆದರೆ ಆ ಗ್ರಂಥಗಳಲ್ಲಿ ಜಿಲ್ಲೆಗಳಿದ್ದವು, ಸಂಸ್ಥಾನವಿದ್ದಿತು, ವಂಶಾವಳಿಗಳಿದ್ದವು. ಕರ್ನಾಟಕವೆಂಬ ಒಂದು ನಾಡು ಇರಲಿಲ್ಲ. ಧಾರವಾಡ ಮುಂಬಯಿಗೆ, ಹಂಪೆ ಮದರಾಸಿಗೆ, ಮಳಖೇಡ ನಿಜಾಮರಿಗೆ ಸೇರಿದ್ದ ಕಾಲವದು.

ರಾಯರು ಅವೇ ಶಾಸನಗಳನ್ನು ಹಿಡಿದು ಬೇರೆಯೇ ಪ್ರಶ್ನೆ ಕೇಳಿದರು: ಈ ಅರಸರೆಲ್ಲ ಯಾವ ನಾಡಿನವರು? ಅದಕ್ಕೆ ಉತ್ತರವಾಗಿ 1917ರಲ್ಲಿ ಹೊರಬಂದುದೇ ಕರ್ನಾಟಕ ಗತವೈಭವ. ಮರುಮೂರು ವರ್ಷಕ್ಕೆ, 1920ರ ಡಿಸೆಂಬರಿನಲ್ಲಿ, ಇದೇ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿತು. ಕನ್ನಡಿಗರಿಗೆ ಬೇರೆ ಪ್ರಾಂತ ಸಮಿತಿ ದೊರೆಯಿತು. ರಾಯರು 1922ರಲ್ಲಿ ಜಯಕರ್ನಾಟಕ ಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆ ನಡೆಸುವುದೆಂದರೆ ಕೈಯಿಂದ ಕಳೆದುಕೊಳ್ಳುವುದೆಂಬುದನ್ನು ಗಲ್ಲಾಪೆಟ್ಟಿಗೆಯಿಂದ ಎದ್ದುಬಂದ ನಾವು ಬಲ್ಲೆವು.

ರಾಯರ ಇತಿಹಾಸವೆಲ್ಲವೂ ಇಂದು ನಿಲ್ಲುವುದೆಂದು ನಾವು ಹೇಳಲಾರೆವು. ವಿಜಯನಗರದ ಸ್ಥಾಪನೆಗೆ ವಿದ್ಯಾರಣ್ಯರೇ ಸೂತ್ರಧಾರರೆಂದು ಅವರು ನಂಬಿದ್ದರು. ಪಾದ್ರಿ ಹೆರಾಸರು 1929ರಲ್ಲಿಯೇ ಅದನ್ನು ಪ್ರಶ್ನಿಸಿದರು, ವಾದ ಇನ್ನೂ ಮುಗಿದಿಲ್ಲ. ಅಭಿಮಾನ ಹೆಚ್ಚಾದೆಡೆ ಪರೀಕ್ಷೆ ಕಡಿಮೆಯಾಗುವುದುಂಟು. ಇನ್ನೊಂದು ಕೊರತೆಯೂ ಇದ್ದಿತು. ಗತವೈಭವವೆಂದರೆ ಬಹುಮಟ್ಟಿಗೆ ಅರಸರ ವೈಭವ. ಗುಡಿ ಕಟ್ಟಿದ ಅರಸನ ಹೆಸರುಂಟು; ಕಲ್ಲು ಹೊತ್ತವನಿಗೆ ಗಂಜಿ ಬೇಯಿಸಿದವನ ಸುದ್ದಿಯಿಲ್ಲ. ಒಲೆಯ ಮುಂದೆ ನಿಲ್ಲುವ ನಮ್ಮ ವಾಚಕರು ಇದನ್ನು ಕೇಳಿದರೆ ತಪ್ಪೇನು? ಮುಂದಿನ ಪೀಳಿಗೆಯವರು ಕೇಳಿಯೇ ಕೇಳಿದರು. 1966ರಲ್ಲಿ ಪ್ರಕಟವಾದ ಚಿದಾನಂದಮೂರ್ತಿಯವರ ಶಾಸನಾಧ್ಯಯನದಲ್ಲಿ ಹಳ್ಳಿ, ಕೆರೆ, ವೀರಗಲ್ಲು, ಮಾಸ್ತಿಕಲ್ಲು, ಜನರ ನಂಬುಗೆಗಳಿಗೆ ಸ್ಥಾನ ದೊರೆಯಿತು. ಶಾಸನ ಹಳೆಯದೇ, ಓದುವ ಕಣ್ಣು ಬೇರೆ. ಆದರೆ ನಾಡೇ ಇಲ್ಲವೆಂದು ತಿಳಿದವರಿಗೆ ಮೊದಲು ನಾಡನ್ನು ತೋರಿಸಬೇಕಾಗಿತ್ತು. ಆ ಕೆಲಸವನ್ನು ರಾಯರು ಮಾಡಿದರು.

1956ರ ನವೆಂಬರ್ 1ರಂದು ಕನ್ನಡ ಪ್ರಾಂತಗಳು ಒಂದಾದವು. ಎಪ್ಪತ್ತಾರರ ಮುದುಕರು ಹಂಪೆಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. 1964ರ ಫೆಬ್ರವರಿ 25ರಂದು ತೀರಿಕೊಂಡರು. ರಾಜ್ಯಕ್ಕೆ ಆಗಿನ್ನೂ ಮೈಸೂರೆಂದೇ ಹೆಸರು. ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ.